ಆದರೆ ಟೀಚರ್ ಬರೆದ ಹನ್ನೊಂದು ಸಾಲು

ಹೆಸರು ಬರೆಯಬಾರದು ಎಂಬುದು ಅವರ ಮೊದಲ ಷರತ್ತು. ಎರಡನೆಯ ಷರತ್ತನ್ನು ಕೊನೆಯಲ್ಲಿ ಹೇಳುತ್ತೇನೆ. ಅವರು ಬದುಕಿದ್ದಾರೆ, ಗಟ್ಟಿಯಾಗಿದ್ದಾರೆ, ಆದ್ದರಿಂದ ಇದನ್ನು ಯಾರೂ ಶ್ರದ್ಧಾಂಜಲಿ ಎಂದು ತಿಳಿಯಬೇಡಿ. ಈ ವರ್ಷ ನಮ್ಮ ಶಾಲೆಯಿಂದ ನಿವೃತ್ತರಾದರು, ಅಷ್ಟೆ. ಶಾಲು ಬೇಡ, ಹಾರ ಬೇಡ, ಭಾಷಣವಂತೂ ಬೇಡವೇ ಬೇಡ ಎಂದು ಹೇಳಿ, ಕೊನೆಯ ದಿನ ಕೊಡೆ ಬಿಡಿಸಿಕೊಂಡು ಹೋಗಿ ಬಸ್ಸು ಹತ್ತಿದರು. ಅದಾದ ವಾರಕ್ಕೆ ನಮ್ಮೂರ ವಾಚನಾಲಯದ ಕಾರ್ಯದರ್ಶಿ ಬಂದು, "ಅವರ ಬಗ್ಗೆ ಸಂಚಿಕೆಗೆ ನೀವೇ ಬರೆಯಬೇಕು ಮಾಷ್ಟ್ರೇ. ನಿಮಗಿಂತ ಹತ್ತಿರದಿಂದ ನೋಡಿದವರು ಯಾರುಂಟು?" ಎಂದ. ಹತ್ತಿರದಿಂದ ನೋಡಿದ್ದು ಹೌದು. ಹದಿನಾರು ವರ್ಷ ಸ್ಟಾಫ್ ರೂಮಿನಲ್ಲಿ ಒಂದೇ ಮೇಜಿನ ಆಚೆ ಅವರು, ಈಚೆ ನಾನು.

ನಾನು ಕನ್ನಡ ಪಾಠದವನು. ಅವರು ಪ್ರಾಣಿಶಾಸ್ತ್ರದವರು. ನನಗೆ ತಾಳಮದ್ದಳೆಯ ಹುಚ್ಚು, ಮಾತಿನ ಹುಚ್ಚು, ಕೇಳುವವರು ತಲೆದೂಗಿದರೆ ಊಟ ಬೇಡ. ಅವರಿಗೆ ಮಾತು ಎಂದರೆ ಅಳೆದು ಸುರಿಯುವ ಮದ್ದು. ಯಾವ ಮಾತನ್ನೂ ಅವರು ಒಂದೇ ಬದಿಯಿಂದ ಹೇಳಿ ಮುಗಿಸಿದ್ದನ್ನು ನಾನು ಕೇಳಿಲ್ಲ. "ಹಾವು ಇಲಿ ತಿನ್ನುತ್ತದೆ, ರೈತನ ಮಿತ್ರ. ಆದರೆ..." "ಈ ಮದ್ದು ಸೊಳ್ಳೆಯನ್ನು ಕೊಲ್ಲುತ್ತದೆ. ಆದರೆ..." ಮಕ್ಕಳು ಹಿಂದಿನ ಬೆಂಚಿನಲ್ಲಿ ಕುಳಿತು ಒಂದು ಪೀರಿಯಡಿಗೆ ಎಷ್ಟು 'ಆದರೆ' ಎಂದು ಗೆರೆ ಎಳೆಯುತ್ತಿದ್ದರು. 'ಆದರೆ ಟೀಚರ್' ಎಂದು ಹೆಸರು ಬಿದ್ದದ್ದು ಹಾಗೆ. ಅವರಿಗೆ ಅದು ಗೊತ್ತಿತ್ತು. "ಅಡ್ಡ ಹೆಸರು ಇಡ್ಲಿಕ್ಕಾದರೂ ಪಾಠ ಕೇಳಿದ್ದಾರಲ್ಲ ಮಾಷ್ಟ್ರೇ, ಸಾಕು," ಎನ್ನುತ್ತಿದ್ದರು.

ಅವರ ಬುತ್ತಿಯಲ್ಲಿ ನಾವೆಲ್ಲ ಬಿಸಾಡುವ ವಸ್ತುಗಳೇ ಇರುತ್ತಿದ್ದವು. ಹೀರೆಕಾಯಿ ಸಿಪ್ಪೆಯ ಚಟ್ನಿ, ಹಲಸಿನ ಬೀಜದ ಪಲ್ಯ, ಕಲ್ಲಂಗಡಿಯ ಬಿಳಿ ಭಾಗದ ದೋಸೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಸೌತೆಕಾಯಿ ಹೆಚ್ಚಿದರೆ ಕೈ ಚಾಚಿ, "ಸಿಪ್ಪೆ ಇಲ್ಲಿ ಕೊಡಿ ಮಾರಾಯ್ರೆ," ಎನ್ನುವುದಕ್ಕೆ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ತಿನ್ನಲು ಆಗದ್ದು ಮನೆಯ ಹಿಂದಿನ ಗೊಬ್ಬರದ ಗುಂಡಿಗೆ. ವಾರಕ್ಕೊಮ್ಮೆ ಆ ಗುಂಡಿಯನ್ನು ಗುದ್ದಲಿಯಿಂದ ತಿರುವಿ ಹಾಕುವುದು ಅವರ ಭಾನುವಾರದ ಕೆಲಸ. ಜಿಪುಣತನ ಎಂದು ನಾವು ನಗುತ್ತಿದ್ದೆವು. ಪುತ್ತಿಗೆ ಕಡೆಯ ಕೂಲಿ ಮನೆಯಲ್ಲಿ ಹುಟ್ಟಿ, ಹದಿನೆಂಟಕ್ಕೆ ತಾಯಿಯನ್ನು ಕಳೆದುಕೊಂಡು, ನಾಲ್ಕು ವರ್ಷದ ತಂಗಿಯನ್ನು ಸೊಂಟದಲ್ಲಿ ಕೂರಿಸಿಕೊಂಡೇ ಓದಿದವರ ಕೈಗೆ ಬಿಸಾಡುವುದು ಅಷ್ಟು ಸುಲಭವಲ್ಲ ಎಂದು ನಮಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ.

ಆ ತಂಗಿಗಾಗಿಯೇ ಅವರು ಮದುವೆಯಾಗಲಿಲ್ಲ ಎಂದು ಹೇಳುವವರಿದ್ದರು. ನಾನು ಕೇಳಿಲ್ಲ. ತಂಗಿ ಮಧೂರಿಗೆ ಹೋಗುವ ದಾರಿಯಲ್ಲಿ ಒಂದು ಹೊಲಿಗೆಯ ಅಂಗಡಿ ಇಟ್ಟಿದ್ದಳು. ನಗುಮುಖದವಳು. ಅಕ್ಕನ ರವಿಕೆಗಳಿಗೆಲ್ಲ ಒಂದು ಸಣ್ಣ ಜೇಬು ಇಟ್ಟು ಹೊಲಿಯುತ್ತಿದ್ದಳು, ಚಾಕ್ ತುಂಡು ಇಡುವುದಕ್ಕೆ. ಅಕ್ಕ ಹೇಳಿದ್ದು ಅವಳಿಗೆ ವೇದ. "ಅಕ್ಕ ಹೇಳಿದ್ರೆ ಆಯ್ತಲ್ಲ, ಮತ್ತೆಂತ?" ಎನ್ನುವುದನ್ನು ನಾನೇ ಎರಡು ಮೂರು ಸಲ ಕೇಳಿದ್ದೇನೆ.

ಜಪಾನಿನ ಒಬ್ಬ ವಿಜ್ಞಾನಿಗೆ ಆಟೊಫೇಜಿಯ ಸಂಶೋಧನೆಗಾಗಿ ದೊಡ್ಡ ಬಹುಮಾನ ಬಂದ ವರ್ಷ. ಆಟೊಫೇಜಿ ಎಂದರೆ ಜೀವಕೋಶ ತನ್ನನ್ನು ತಾನೇ ತಿನ್ನುವುದು. ಪತ್ರಿಕೆಯಲ್ಲಿ ಓದಿ ನನಗೆ ತಲೆಬುಡ ಅರ್ಥವಾಗಲಿಲ್ಲ. ವಾಚನಾಲಯದಲ್ಲಿ ಒಂದು ಉಪನ್ಯಾಸ ಕೊಡಿ ಎಂದು ಟೀಚರನ್ನು ಒತ್ತಾಯಿಸಿದೆ. ಬಂದರು. ಕೈಯಲ್ಲಿ ಚಿತ್ರವಿಲ್ಲ, ಪ್ರೊಜೆಕ್ಟರ್ ಇಲ್ಲ. ಒಂದು ಚೀನಿ ಭರಣಿ ತಂದು ಮೇಜಿನ ಮೇಲೆ ಇಟ್ಟರು. ಮುಚ್ಚಳ ತೆಗೆದರೆ ಉಪ್ಪುಸೊಳೆ, ಬೇಸಿಗೆಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಹಲಸಿನ ತೊಳೆ.

"ಆಟಿ ತಿಂಗಳಲ್ಲಿ ನಮ್ಮ ಅಮ್ಮ ಎಂತ ಮಾಡ್ತಿದ್ರು?" ಎಂದು ಶುರುಮಾಡಿದರು. "ಹೊರಗೆ ಜಡಿಮಳೆ. ಕೆಲಸ ಇಲ್ಲ, ಅಕ್ಕಿ ಇಲ್ಲ. ಆಗ ಅಟ್ಟದಿಂದ ಈ ಭರಣಿ ಇಳಿಸ್ತಿದ್ರು. ಹಳೇ ಹಪ್ಪಳ, ಮೂಲೆಯ ಹಲಸಿನ ಬೀಜ, ಎಲ್ಲ ಹೊರಗೆ ಬರ್ತಿತ್ತು. ಮುರಿದ ಮಣೆ ಒಲೆಗೆ ಹೋಗ್ತಿತ್ತು. ಆಟಿ ಕಳೆಯುವಾಗ ನಾವೂ ಬದುಕಿರ್ತಿದ್ದೆವು, ಮನೆಯೂ ಸ್ವಚ್ಛ ಆಗಿರ್ತಿತ್ತು. ಜೀವಕೋಶ ಮಾಡುವುದೂ ಅದನ್ನೇ. ಹೊರಗಿನಿಂದ ಆಹಾರ ಬಾರದಿದ್ದರೆ ತನ್ನೊಳಗಿನ ಮುರುಕು, ಹಳತು, ಕೆಟ್ಟದ್ದು ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿ, ಕರಗಿಸಿ, ಅದರಿಂದಲೇ ಬದುಕುತ್ತದೆ."

ಆಹಾ, ಎಂಥ ಚಪ್ಪಾಳೆ! ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, "ಹಾಗಾದರೆ ನಮ್ಮ ಸೋಮವಾರದ ಒಪ್ಪತ್ತು ಸುಮ್ಮನೆ ಅಲ್ಲ!" ಎಂದರು. ಮತ್ತೆ ಚಪ್ಪಾಳೆ. ಟೀಚರ್ ಕೈ ಎತ್ತಿ, "ಆದರೆ..." ಎಂದರು. ಅಷ್ಟು ಹೊತ್ತಿಗೆ ಚಾ ಬಂದಿತ್ತು. ಅರ್ಧ ಜನ ಎದ್ದಿದ್ದರು. ಆ 'ಆದರೆ'ಯ ನಂತರದ್ದನ್ನು ಕೇಳಿದವರು ಮುಂದಿನ ಸಾಲಿನ ಐದಾರು ಮಂದಿ. ಅವರಲ್ಲಿ ನಾನೂ ಒಬ್ಬ. ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ಆ ಉಪನ್ಯಾಸವನ್ನು ವಾಚನಾಲಯದ ವಾರ್ಷಿಕ ಸಂಚಿಕೆಗೆ ಲೇಖನವಾಗಿ ಬರೆದುಕೊಡಿ ಎಂದೆ. ಆಗ ಸಂಪಾದಕ ನಾನೇ. ಅವರು ನೀಲಿ ಶಾಯಿಯಲ್ಲಿ, ಒಂದು ಚಿತ್ತಿಲ್ಲದೆ, ಬರೆದುಕೊಟ್ಟರು. 'ಆಟಿ ತಿಂಗಳ ಜೀವಕೋಶ' ಎಂದು ಶೀರ್ಷಿಕೆ. ಕೊನೆಯ ಹನ್ನೊಂದು ಸಾಲು 'ಆದರೆ' ಎಂದು ಶುರುವಾಗುತ್ತಿತ್ತು.

ಕುಂಬಳೆಯ ಪ್ರೆಸ್ಸಿನಲ್ಲಿ ಪುಟ ಕಟ್ಟುವಾಗ ಒಂದು ಜಾಹೀರಾತು ಬಂತು. ಗಲ್ಫಿನಲ್ಲಿರುವ ನಮ್ಮೂರಿನವರೊಬ್ಬರ ಶುಭಾಶಯ, ಫೋಟೋ ಸಮೇತ. "ಎಂತ ಮಾಡುವ ಮಾಷ್ಟ್ರೇ, ಜಾಗ ಸಾಲುವುದಿಲ್ಲ," ಎಂದ ಪ್ರೆಸ್ಸಿನವ. ನಾನು ಆ ಹನ್ನೊಂದು ಸಾಲಿನ ಮೇಲೆ ಗೆರೆ ಎಳೆದೆ. ಎಷ್ಟೋ ಕಾಲ ನಾನು ಈ ಜಾಹೀರಾತಿನ ಕತೆಯನ್ನೇ ಹೇಳುತ್ತ ಬಂದೆ. ಅದು ಸುಳ್ಳು. ಜಾಗ ಬೇಕಿದ್ದರೆ ನನ್ನ ಸಂಪಾದಕೀಯವನ್ನು ಕತ್ತರಿಸಬಹುದಿತ್ತು, ಎರಡು ಪುಟ ಇತ್ತು ಅದು. ನಿಜ ಇಷ್ಟೇ: ಆ ಹನ್ನೊಂದು ಸಾಲು ನನಗೆ ಅಪಶಕುನದಂತೆ ಕಂಡಿತು. ತಾಳಮದ್ದಳೆಯವನಿಗೆ ಎಂಥ ಯುದ್ಧದ ಪ್ರಸಂಗವಾದರೂ ಕೊನೆಗೆ ಮಂಗಳ ಹಾಡಿಯೇ ಏಳಬೇಕು. ಎಷ್ಟು ಹೆಣ ಬಿದ್ದರೂ ಮಂಗಳ. ಅದೇ ಚಟವನ್ನು ನಾನು ವಿಜ್ಞಾನದ ಮೇಲೂ ಹೇರಿದೆ. ಗೆರೆ ಎಳೆದದ್ದು ಸಾಲದೆಂದು ನನ್ನದೇ ಒಂದು ಸಾಲನ್ನು ಸೇರಿಸಿದೆ: 'ಹಸಿವಿಗೆ ಅಂಜದ ದೇಹದ ಮುಂದೆ ಕ್ಯಾನ್ಸರ್ ಕೂಡ ತಲೆಬಾಗುತ್ತದೆ.' ಬರೆದು, ಪ್ರೆಸ್ಸಿನವನಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಲಾಯ್ಕುಂಟು," ಎಂದ. ಶೀರ್ಷಿಕೆಯನ್ನೂ 'ಒಪ್ಪತ್ತಿನ ವಿಜ್ಞಾನ' ಎಂದು ಬದಲಾಯಿಸಿದೆ. ಕೋತಿಯ ಕೈಗೆ ಮಾಣಿಕ್ಯ ಕೊಟ್ಟರೆ ಇನ್ನೇನಾಗುತ್ತದೆ?

ಸಂಚಿಕೆ ಬಿಡುಗಡೆಯಾದ ದಿನ ಟೀಚರ್ ನಿಂತಲ್ಲೇ ಲೇಖನ ಓದಿ ಮುಗಿಸಿದರು. "ಇದೆಂತ ಮಾಷ್ಟ್ರೇ? ನನ್ನ ಕೊನೆ ಎಲ್ಲಿ? ಈ ಸಾಲು ನನ್ನದಲ್ಲ."

"ಜಾಗ ಸಾಲಲಿಲ್ಲ ಟೀಚರ್. ಒಂದು ಜಾಹೀರಾತು..."

"ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕಬೇಕು. ತಪ್ಪಾಯಿತು ಎಂದೂ ಹಾಕಬೇಕು."

"ಹಾಕುವ, ಹಾಕುವ. ಅದಕ್ಕೆಂತ?"

ಮರುದಿನವೇ ಆ ಹನ್ನೊಂದು ಸಾಲನ್ನು ಇನ್ನೊಮ್ಮೆ ನಕಲು ಮಾಡಿ ತಂದುಕೊಟ್ಟರು. ನಾನು ಮೇಜಿನ ಖಾನೆಯಲ್ಲಿ ಇಟ್ಟೆ. "ಹೋಗ್ಲಿ, ಮುನ್ನೂರು ಪ್ರತಿ. ಓದುವವರು ಮೂರು ಮಂದಿ," ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆ ಒಂದು ಮಾತಿಗಾಗಿ ಅವರು ಆಮೇಲೆ ತಮ್ಮನ್ನು ಎಷ್ಟು ಸಲ ಶಪಿಸಿಕೊಂಡರೋ ನನಗೆ ಗೊತ್ತಿಲ್ಲ.

ಮುನ್ನೂರಕ್ಕೇ ನಿಂತಿದ್ದರೆ! ಅದೇ ವಾರ ನಾನು ಆ ಲೇಖನವನ್ನು ಮೊಬೈಲಿನಲ್ಲಿ ಒತ್ತಿ ಒತ್ತಿ ಬರೆದು ವಾಚನಾಲಯದ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೇಲೆ ಟೀಚರ ಹೆಸರು, ಪಕ್ಕದಲ್ಲಿ ಅವರ ಪದವಿ, ಓದುವವರಿಗೆ ಭಾರ ಬರಲಿ ಎಂದು. ತಿಂಗಳಾಗುವುದರೊಳಗೆ ಅದು ಬದಿಯಡ್ಕ, ಮಂಗಳೂರು, ದುಬೈ ಎಲ್ಲ ಸುತ್ತಿ ನನ್ನ ಭಾವನ ಮೂಲಕ ನನಗೇ ತಿರುಗಿ ಬಂತು. ಕೊನೆಯ ಸಾಲನ್ನು ಯಾರೋ ದಪ್ಪ ಅಕ್ಷರ ಮಾಡಿದ್ದರು. ನಾನು ಅದನ್ನು ಸ್ಟಾಫ್ ರೂಮಿನಲ್ಲಿ ನಾಲ್ಕು ಜನಕ್ಕೆ ತೋರಿಸಿದೆ. ಟೀಚರಿಗೆ ತೋರಿಸಲಿಲ್ಲ. ಅಷ್ಟು ಬುದ್ಧಿ ಇತ್ತು.

ಆ ಮಳೆಗಾಲಕ್ಕೆ ಮೊದಲು ತಂಗಿಯ ಎದೆಯಲ್ಲಿ ಗಂಟು ಕಂಡಿತು. ಮಂಗಳೂರಿನ ಆಸ್ಪತ್ರೆ. ಮೊದಲು ಕೀಮೋ ಕೊಟ್ಟು ಗಡ್ಡೆ ಸಣ್ಣದಾದ ಮೇಲೆ ಆಪರೇಷನ್ ಎಂದರಂತೆ. ಮೂರು ವಾರಕ್ಕೊಂದು ಸಲ ಅಕ್ಕ ರಜೆ ಹಾಕಿ, ಕುಂಬಳೆಯಿಂದ ರೈಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಮೊದಲ ಎರಡು ಸಲಕ್ಕೆ ಗಡ್ಡೆ ಇಳಿದಿತ್ತು. "ಮದ್ದು ಹಿಡಿಯುತ್ತಾ ಉಂಟು ಮಾಷ್ಟ್ರೇ. ಆದರೆ ನೋಡಬೇಕು," ಎಂದರು. ಅವರು 'ಆದರೆ' ಹೇಳುವಾಗ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೂರನೆಯದಕ್ಕೆ ಹೋದಾಗ ತೂಕ ಇಳಿದಿತ್ತು. ರಕ್ತ ಸಾಲದೆಂದು ಮದ್ದು ಮುಂದೆ ಹಾಕಿದರು. ಮತ್ತೊಮ್ಮೆ ಮುಂದೆ ಹಾಕಿದರು. ಕೊಟ್ಟ ಮೇಲೆ ನೋಡಿದರೆ ಗಡ್ಡೆ ಇಳಿದಿರಲಿಲ್ಲ. ಮದ್ದಿಗೆ ಬಗ್ಗುತ್ತಿಲ್ಲ, ಬೇರೆ ಮದ್ದು ನೋಡಬೇಕು ಎಂದರಂತೆ ಡಾಕ್ಟರು. ಟೀಚರ್ ದಿನಾ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಗಂಜಿ, ಮೀನು, ಮೊಟ್ಟೆ ಎಲ್ಲ ಮಾಡಿ ಮುಚ್ಚಿಟ್ಟು ಶಾಲೆಗೆ ಬರುತ್ತಿದ್ದರು. ಸಂಜೆ ಹೋದರೆ ಪಾತ್ರೆಗಳು ಖಾಲಿ, ತೊಳೆದು ಬೋರಲು ಹಾಕಿದ್ದು. ಆದರೂ ತಂಗಿ ಕರಗುತ್ತಿದ್ದಳು. "ಇಷ್ಟು ತಿಂದೂ ಯಾಕೆ ಹೀಗೆ?" ಎಂದು ಅವರು ನನ್ನನ್ನು ಕೇಳಿದರು, ನನ್ನನ್ನು! ನಾನು, "ದೇವರಿದ್ದಾನೆ ಟೀಚರ್," ಎಂದೆ.

ಒಂದು ಭಾನುವಾರ ಗೊಬ್ಬರದ ಗುಂಡಿಯನ್ನು ತಿರುವಿದಾಗ ಗುದ್ದಲಿಗೆ ಅನ್ನ ಹತ್ತಿತು. ಮೇಲೆ ತರಗೆಲೆ ಮುಚ್ಚಿ, ಕೆಳಗೆ ಅನ್ನ, ಮೊಟ್ಟೆ, ಮುಟ್ಟದ ಮೀನಿನ ತುಂಡು. ಎಷ್ಟೋ ದಿನಗಳದ್ದು. ಒಂದು ಸಿಪ್ಪೆಯನ್ನೂ ಬಿಸಾಡದ ಮನೆಯಲ್ಲಿ!

ಒಳಗೆ ಹೋಗಿ ಕೇಳಿದರೆ ತಂಗಿ ಹೆದರಲಿಲ್ಲವಂತೆ. ಮೊಬೈಲು ತೆಗೆದು ತೋರಿಸಿ ತುಳುವಿನಲ್ಲಿ ಹೇಳಿದಳಂತೆ: "ಅಕ್ಕ, ಇದು ನೀನೇ ಬರೆದದ್ದಲ್ಲವಾ? ಹಗಲು ನಾನು ಬರೀ ನೀರು ಕುಡಿದು ಇರುತ್ತೇನೆ. ನನಗೆ ಗೊತ್ತುಂಟು, ನೀನು ಉಣ್ಣಿಸುವುದು ಪ್ರೀತಿಯಿಂದ. ಬುದ್ಧಿಯಿಂದ ಬರೆದದ್ದು ಇದು. ನಾನು ನಿನ್ನ ಬುದ್ಧಿಯನ್ನು ನಂಬಿದೆ."

ಸೋಮವಾರ ಬೆಳಿಗ್ಗೆ ಟೀಚರ್ ಸ್ಟಾಫ್ ರೂಮಿಗೆ ಬಂದು ತಂಗಿಯ ಮೊಬೈಲನ್ನು ನನ್ನ ಮುಂದೆ ಇಟ್ಟರು. "ಓದಿ ಮಾಷ್ಟ್ರೇ. ಗಟ್ಟಿಯಾಗಿ ಓದಿ. ನಿಮಗೆ ಸ್ವರ ಉಂಟಲ್ಲ." ಉಳಿದವರೆಲ್ಲ ತಲೆ ಎತ್ತಿದರು. ನಾನು ಓದಿದೆ. ಕೊನೆಗೆ ಬಂದು ನಿಂತೆ.

"ಆ ಕೊನೆಯ ಸಾಲು ಇನ್ನೊಮ್ಮೆ ಓದಿ."

ಓದಿದೆ.

"ಅದು ಯಾರದ್ದು?"

"ನನ್ನದು."

"ಹೆಸರು?"

"ನಿಮ್ಮದು."

ಆಗ ಅವರು ಗುಂಡಿಯಲ್ಲಿ ಸಿಕ್ಕಿದ ಅನ್ನದ ಕತೆಯನ್ನು, ತಂಗಿ ಹೇಳಿದ್ದನ್ನು, ಪಾಠ ಮಾಡುವ ಸ್ವರದಲ್ಲೇ ಹೇಳಿದರು. ನಾನು ಜಾಹೀರಾತು ಎಂದು ತೊದಲಿದೆ. ಕೊನೆಗೆ ನಾನು ನಿಜ ಹೇಳಿದೆ, ಶುಭವಾಗಿ ಮುಗಿಯಲಿ ಎಂದು ಹಾಗೆ ಮಾಡಿದೆ, ಮಂಗಳ ಹಾಡುವ ಅಭ್ಯಾಸ ಎಂದೆ.

"ರಾತ್ರಿ ನಾನು ಅವಳ ಎದುರು ಕೂತು ಉಣ್ಣಿಸ್ತಿದ್ದೆ," ಎಂದರು. "ಹಗಲು ಇಲ್ಲಿ ನಿಮ್ಮೆದುರು ಕೂತಿದ್ದೆ."

ಅಂದಿನಿಂದ ತಂಗಿ ಉಂಡಳು. ಅಕ್ಕ ಸಂಬಳವಿಲ್ಲದ ರಜೆ ಹಾಕಿ ಮೂರು ಹೊತ್ತೂ ಉಣ್ಣಿಸಿದರು. ಬೇರೆ ಮದ್ದನ್ನೂ ಕೊಟ್ಟು ನೋಡಿದರು. ಕಾಯಿಲೆ ಆಗಲೇ ಪಿತ್ತಜನಕಾಂಗ ದಾಟಿ ಎಲುಬಿಗೆ ಹೋಗಿತ್ತು. ಮುಂದಿನ ಆಟಿ ಬರುವ ಮೊದಲು ತೀರಿಕೊಂಡಳು.

ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಯ ಊಟದ ದಿನ, ನಾನು ಹೋದೆ. ಹೋಗದೆ ಇರುವ ಧೈರ್ಯವೂ ನನಗಿರಲಿಲ್ಲ. ಪಂಕ್ತಿಯ ತುದಿಯಲ್ಲಿ ಕುಳಿತಿದ್ದೆ. ಬಡಿಸುವವರ ಕೈಯಿಂದ ಅನ್ನದ ಬೋಗುಣಿ ತೆಗೆದುಕೊಂಡು ಟೀಚರೇ ಬಂದರು. ನನ್ನ ಎಲೆಗೆ ಎರಡು ಸೌಟು ಹಾಕಿ, "ಉಣ್ಣಿ ಮಾಷ್ಟ್ರೇ. ಹಸಿದು ಏಳಬೇಡಿ," ಎಂದರು. ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡೆ.

ಕೈ ತೊಳೆಯುವಲ್ಲಿ ತಡೆದು ಕೇಳಿಯೇ ಬಿಟ್ಟೆ. "ಟೀಚರ್, ನನ್ನಿಂದಲಾ?"

ಬೇರೆ ಯಾರಾದರೂ ಆಗಿದ್ದರೆ ಹೌದು ಎನ್ನುತ್ತಿದ್ದರು, ಅಥವಾ ದೊಡ್ಡ ಮನಸ್ಸು ಮಾಡಿ ಅಲ್ಲ ಎನ್ನುತ್ತಿದ್ದರು. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಅಂಥ ಪ್ರಶ್ನೆಗೂ ಯೋಚಿಸಿದರು ಮಾರಾಯ್ರೆ! "ಉಂಡಿದ್ದರೂ ಮದ್ದು ಹಿಡಿಯದೆ ಹೋಗಬಹುದಿತ್ತು. ಹಾಗೆ ಎಷ್ಟೋ ಜನಕ್ಕೆ ಆಗುತ್ತದೆ. ನಿಮ್ಮಿಂದ ಸತ್ತಳು ಎಂದು ಹೇಳಲಿಕ್ಕೆ ನನ್ನ ವಿಜ್ಞಾನ ಬಿಡುವುದಿಲ್ಲ. ಆದರೆ ನಿಮ್ಮಿಂದ ಅಲ್ಲ ಎಂದು ಹೇಳಲಿಕ್ಕೂ ಬಿಡುವುದಿಲ್ಲ." ಇಷ್ಟು ಹೇಳಿ ಒಳಗೆ ಹೋದರು.

ಹೌದು ಎಂದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅಲ್ಲ ಎಂದಿದ್ದರೆ ಮರೆಯುತ್ತಿದ್ದೆ. ಎರಡನ್ನೂ ಕೊಡಲಿಲ್ಲ ಆ ಹೆಂಗಸು. ಕೆಲವೊಮ್ಮೆ ಅವರ ಮೇಲೆ ನನಗೆ ಸಿಟ್ಟು ಬರುತ್ತದೆ. ಎಷ್ಟು ನಾಚಿಕೆಗೇಡು ನೋಡಿ, ಸಿಟ್ಟು ಬರುವುದು ಅವರ ಮೇಲೆ!

ಆಮೇಲೂ ನಿವೃತ್ತಿಯ ತನಕ ಅದೇ ಮೇಜು. ಹಾಜರಿ ಪುಸ್ತಕ ದಾಟಿಸುವಾಗ "ತೆಗೊಳ್ಳಿ", ಗಂಟೆ ಹೊಡೆದಾಗ "ನಿಮ್ಮ ಕ್ಲಾಸುಂಟು". ಅಷ್ಟೇ ಮಾತು. ಬುತ್ತಿಯಲ್ಲಿ ಸಿಪ್ಪೆಯ ಚಟ್ನಿ ಕಾಣೆಯಾಯಿತು. ಸೌತೆಕಾಯಿ ಸಿಪ್ಪೆಗೆ ಯಾರೂ ಕೈ ಚಾಚುತ್ತಿರಲಿಲ್ಲ. ಮಕ್ಕಳು ಹೇಳುವ ಪ್ರಕಾರ ಪಾಠದಲ್ಲಿ ಮಾತ್ರ 'ಆದರೆ' ಹೆಚ್ಚಾಗಿತ್ತು. ಅದನ್ನು ಹೇಳಿದ ಮೇಲೆ ಮುಂದಿನದನ್ನು ಎಲ್ಲರ ಪುಸ್ತಕದಲ್ಲೂ ಬರೆಸಿ, ಬೆಂಚಿನಿಂದ ಬೆಂಚಿಗೆ ಹೋಗಿ ನೋಡಿಯೇ ಬಿಡುತ್ತಿದ್ದರಂತೆ.

ಈ ಬರಹಕ್ಕೆ ಒಪ್ಪಿಗೆ ಕೇಳಲು ಅವರ ಮನೆಗೆ ಹೋಗಿದ್ದೆ. ಒಳಗೆ ಕರೆದರು, ಚಾ ಕೊಟ್ಟರು. ಹೊಲಿಗೆಯ ಮೆಷಿನಿನ ಮೇಲೆ ಬಟ್ಟೆ ಮುಚ್ಚಿತ್ತು. ಮುಂದಿನ ಸಂಚಿಕೆಗೂ ಹಾಕದೆ ನಾನು ಖಾನೆಯಲ್ಲಿ ಎರಡು ವರ್ಷ ಕೊಳೆಹಾಕಿದ್ದ, ಆ ಹನ್ನೊಂದು ಸಾಲಿನ ಕಾಗದವನ್ನು ತೆಗೆದುಕೊಂಡು ಹೋಗಿದ್ದೆ. ಅವರು ಅದನ್ನು ಬಿಡಿಸಿ ನೋಡಿ, ಮಡಚಿ, ನನ್ನ ಕೈಗೇ ಕೊಟ್ಟರು. "ಬರೆಯಿರಿ. ನನ್ನ ಹೆಸರು ಬೇಡ. ಒಮ್ಮೆ ನನ್ನ ಹೆಸರು ಹಾಕಿದ್ದು ಸಾಕು. ಕೊನೆಯಲ್ಲಿ ಇದನ್ನು ಹಾಕಿ, ಒಂದು ಅಕ್ಷರ ಬಿಡದೆ. ಇದರ ನಂತರ ನಿಮ್ಮದು ಒಂದು ಸಾಲೂ ಇರಬಾರದು."

ಸಂಚಿಕೆಯ ಈಗಿನ ಸಂಪಾದಕರಿಗೆ ನನ್ನ ವಿನಂತಿ: ಜಾಹೀರಾತು ಬಂದರೆ ಮೇಲಿನದನ್ನು ಎಷ್ಟು ಬೇಕಾದರೂ ಕತ್ತರಿಸಿ. ಕೆಳಗಿನದನ್ನು ಮುಟ್ಟಬೇಡಿ.

*

ಆದರೆ ಆಟಿಯನ್ನು ದಾಟಿ ಬದುಕುವವರು ಒಳ್ಳೆಯವರು ಮಾತ್ರವಲ್ಲ. ಕಳ್ಳನ ಮನೆಯ ಅಟ್ಟದಲ್ಲೂ ಉಪ್ಪುಸೊಳೆಯ ಭರಣಿ ಇರುತ್ತದೆ. ಕ್ಯಾನ್ಸರ್ ಇಲ್ಲದ ದೇಹದಲ್ಲಿ ಕೋಶದ ಈ ಶುಚಿ ಕೆಲಸ ನಮಗೆ ಕಾವಲಾಗಿರಬಹುದು. ಕ್ಯಾನ್ಸರ್ ಬೇರೂರಿದ ಮೇಲೆ ಅದೇ ವಿದ್ಯೆ ಕ್ಯಾನ್ಸರ್ ಕೋಶಕ್ಕೂ ಉಪಯೋಗಕ್ಕೆ ಬರುತ್ತದೆ. ಕೀಮೋ ಮದ್ದು ಅದಕ್ಕೆ ಆಟಿ ತಿಂಗಳಿದ್ದ ಹಾಗೆ. ಪೆಟ್ಟು ತಿಂದ ಕೋಶ ತನ್ನೊಳಗಿನ ಮುರುಕನ್ನೇ ತಿಂದು, ಮದ್ದಿನ ದಿನಗಳನ್ನು ಹೇಗೋ ಕಳೆದು, ಮತ್ತೆ ಎದ್ದು ನಿಲ್ಲಬಹುದು. ಮದ್ದು ಹಿಡಿಯದೆ ಹೋಗುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು. ಆ ಭರಣಿಯನ್ನೇ ಒಡೆಯುವ ಮದ್ದಿಗಾಗಿ ವಿಜ್ಞಾನಿಗಳು ಹುಡುಕುತ್ತಿದ್ದಾರೆ, ನಾವೆಲ್ಲ ಮಲೇರಿಯಾಕ್ಕೆ ನುಂಗಿದ ಹಳೆಯ ಮಾತ್ರೆಯನ್ನೂ ಪರೀಕ್ಷಿಸುತ್ತಿದ್ದಾರೆ. ತೀರ್ಮಾನ ಇನ್ನೂ ಆಗಿಲ್ಲ. ಹಾಗಿರುವಾಗ ಉಪವಾಸದಿಂದ ಕ್ಯಾನ್ಸರ್ ಗುಣವಾಗುತ್ತದೆ ಎಂದು ಯಾರು ಹೇಳಿದರೂ ನಂಬಬೇಡಿ, ವಿಜ್ಞಾನದ ಟೀಚರ್ ಹೇಳಿದರೂ ನಂಬಬೇಡಿ. ಕೀಮೋ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಒಂದು ಹೊತ್ತಿನ ಊಟವನ್ನೂ ಬಿಡಬಾರದು. ಬಾಯಿಗೆ ರುಚಿ ಇಲ್ಲದಿದ್ದರೆ ಗಂಜಿಯನ್ನಾದರೂ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ನಮ್ಮ ಮನೆಯಲ್ಲಿ ದೇವರ ದಯದಿಂದ ಯಾರಿಗೂ ಈ ಕಾಯಿಲೆ ಇಲ್ಲ. ಇದ್ದಿದ್ದರೆ ಎದುರು ಕುಳಿತು, ಬಟ್ಟಲು ಖಾಲಿಯಾಗುವ ತನಕ ನಾನು ಏಳುತ್ತಿರಲಿಲ್ಲ.